ಹಗೇವಿನೊಳಗಿನ ದೀಪ

ಹೋದ ತಿಂಗಳು ಅಫಜಲಪುರದ ನಮ್ಮ ಹಳೆಯ ಮನೆ ಕೆಡವುವಾಗ ಜೆಸಿಬಿಯ ಹಲ್ಲಿಗೆ ಅಂಗಳದ ಕಲ್ಲೊಂದು ಸಿಕ್ಕಿ ಮಗುಚಿತು. ಕೆಳಗಿನಿಂದ ಆ ವಾಸನೆ ಎದ್ದು ಬಂತು: ಮುಗ್ಗಿದ ಜೋಳದ್ದು, ಎಷ್ಟೋ ವರ್ಷ ಗಾಳಿ ಕಾಣದ ಮಣ್ಣಿನದ್ದು. ಅದು ನಮ್ಮ ಹಗೇವು, ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಡ್ರೈವರ್ ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿ, "ಒಳಗ ಚಂದ ಕಾಣಾಕತ್ತೈತ್ರಿ ಅಕ್ಕಾರ, ಇಳದ ನೋಡ್ಲೇನ್ರಿ?" ಎಂದ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಪಾಪ, ಬೆಚ್ಚಿಬಿದ್ದ.

ಆ ಮನೆಯಲ್ಲಿ ಅಂಜಿಕೆಯೆನ್ನುವುದು ನಮಗೆ ಊಟದಷ್ಟೇ ದಿನನಿತ್ಯದ್ದು. ಅಪ್ಪನ ತಮ್ಮ, ನಮ್ಮ ಕಾಕಾ, ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ. ಗಾಣಗಾಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅವನ ಪುಸ್ತಕಗಳು ಊದುಬತ್ತಿ, ಪಂಚಾಂಗಗಳ ಪಕ್ಕದಲ್ಲೇ ದಾರಕ್ಕೆ ನೇತಾಡುತ್ತಿದ್ದವು. ಬರೆದದ್ದನ್ನು ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ನಮಗೆ ಓದಿ ಹೇಳುತ್ತಿದ್ದ. ಕೊನೆಯ ಅಧ್ಯಾಯಕ್ಕೆ ಮುಂಚೆ ನಿಲ್ಲಿಸಿ, "ಹೇಳ್ರಿ ನೋಡೋಣ, ಕೊಂದಾಂವ ಯಾರು?" ಎನ್ನುತ್ತಿದ್ದ. ನಾವು ಬಾಯಿಗೆ ಬಂದ ಹೆಸರು ಒದರುತ್ತಿದ್ದೆವು. ಆಯಿ, ಅಂದರೆ ನಮ್ಮ ಅಜ್ಜಿ, ಹೀರೇಕಾಯಿ ಹೆರೆಯುತ್ತ ಕೂತವಳು, ತಲೆಯನ್ನೂ ಎತ್ತದೆ ಸರಿಯಾದ ಹೆಸರು ಹೇಳಿಬಿಡುತ್ತಿದ್ದಳು. ಕಾಕಾನ ಮುಖ ಹುಳ್ಳಗಾಗುತ್ತಿತ್ತು. "ಸುಳಿವು ಓದಾವರ ಕಣ್ಣ ಮುಂದ ಇಡಬೇಕು, ಆದ್ರ ಅದು ಸುಳಿವು ಅನಸಬಾರದು. ಇದ ನೋಡ್ ನಮ್ಮ ಕಸಬು," ಎಂದು ಆಮೇಲೆ ನನ್ನ ಮುಂದೆ ಹೇಳಿಕೊಳ್ಳುತ್ತಿದ್ದ. "ಒಂದಿಲ್ಲೊಂದ ದಿನ ನಮ್ಮವ್ವನ್ನ ಸೋಲಸ್ತೇನಿ."

ಅಜ್ಜ ಸತ್ತದ್ದು ಆ ಹಗೇವಿನಲ್ಲಿ. ಮುಚ್ಚಿಟ್ಟ ಹಗೇವಿನ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುವುದು ವಾಡಿಕೆ. ದೀಪ ಆರಿದರೆ ಇಳಿಯಬಾರದು. ಅಂದು ದೀಪ ಆರಿರಲಿಲ್ಲ. ಆದರೂ ಇಳಿದ ಅಜ್ಜ ಜೀವಂತ ಮೇಲೆ ಬರಲಿಲ್ಲ. ಅಪ್ಪ ಇನ್ನೂ ಕೂಸು, ಕಾಕಾ ಹೊಟ್ಟೆಯಲ್ಲಿದ್ದ. ಹಣೆಬರಹ ಎಂದಿತು ಊರು. ದೀಪ ಉರಿಯುತ್ತಿದ್ದರೂ ಮನುಷ್ಯ ಹೇಗೆ ಸತ್ತ? ಕಾಕಾನ ಕೈಗೆ ಪೆನ್ನು ಕೊಟ್ಟದ್ದೇ ಆ ಪ್ರಶ್ನೆ ಇರಬೇಕು. ಮಕ್ಕಳಾದ ನಾವು ಹಗೇವಿನ ಬಾಯಿ ಮುಚ್ಚಿದ ಆ ಕಲ್ಲು ದಾಟಿ ಬಚ್ಚಲಿಗೆ ಹೋಗಲೂ ಅಂಜುತ್ತಿದ್ದೆವು. ಅಡಿಯಲ್ಲಿ ಯಾರೋ ಉಸಿರೆಳೆದಂತೆ ಅನಿಸುತ್ತಿತ್ತು. ಆಯಿ ಮಾತ್ರ ದಿನವೂ ಸಂಜೆ ಅದರ ಮೇಲೊಂದು ಹಣತೆ ಇಟ್ಟು ಬರುತ್ತಿದ್ದಳು.

ಒಂದು ಸಂಜೆ ಕಾಕಾ ಹೊಸ ಕತೆ ಓದಿದ. ಅದರಲ್ಲಿ ಗೌಡನೊಬ್ಬ ಹಗೇವಿಗೆ ಇಳಿದು ಸಾಯುತ್ತಾನೆ, ದೀಪ ಉರಿಯುತ್ತಲೇ ಇರುತ್ತದೆ. ಪಕ್ಕದಲ್ಲಿದ್ದ ನನ್ನವ್ವ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ನನಗೆ ಅಂಗಳದ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಹೀರೇಕಾಯಿ ಹೆರೆಯುತ್ತಿದ್ದ ಆಯಿಯ ಕೈ ನಿಂತುಹೋಗಿತ್ತು. ಕಾಕಾನಿಗೆ ಅದು ಕಾಣಲೇ ಇಲ್ಲ. ಈ ಸಲ ತಾಯಿಗೆ ಹೊಳೆಯಲಿಲ್ಲವೆಂಬ ಹಿಗ್ಗು ಅವನಿಗೆ.

"ಕೊಂದಾಂವ ಹಗ್ಗ ಗಿಡ್ಡ ಮಾಡಿದ್ದ, ಯವ್ವಾ. ದೀಪ ನಡುವಿನ ಮಟ ಅಷ್ಟ ಇಳೀತು. ಅಲ್ಲಿ ಗಾಳಿ ಚೊಲೊ, ಕೆಟ್ಟದ್ದೆಲ್ಲ ತಳದಾಗ. ಮ್ಯಾಲಿಂದ ಬೆಳಕ ಕಂಡ್ತು, ಗೌಡ ಇಳದ. ಈಗ ಹೇಳು, ಕೊಂದಾಂವ ಯಾರು?"

ಆಯಿ ಕೈಯಲ್ಲಿದ್ದ ಹೀರೇಕಾಯಿಯನ್ನು ಕೆಳಗಿಟ್ಟಳು.

"ಅವತ್ತೂ ಹಗ್ಗ ಗಿಡ್ಡ ಇತ್ತು," ಎಂದಳು. "ನಾನ ಹಿಡದಿದ್ದೆ. ತುಂಬಿದ ಬಸುರಿ, ದೀಪ ತಳ ಮುಟ್ಟಿತೇನ ಅಂತ ಬಗ್ಗಿ ನೋಡಾಕ ಆಗಲಿಲ್ಲ. ದೀಪ ಉರ್ಯಾಕತ್ತೈತಿ, ಇಳೀರಿ ಅಂತ ನಾನ ಅಂದೆ."

ಕಾಕಾ ಹಾಳೆಗಳನ್ನು ತೊಡೆಯ ಮೇಲಿಟ್ಟ. ಆಯಿ ಅವನ ಮುಖವನ್ನೇ ನೋಡುತ್ತಿದ್ದಳು, ಬೈಯುವವಳಂತಲ್ಲ, ಮುಂದಿನದನ್ನು ಓದು ಎನ್ನುವವಳಂತೆ. ಮುಂದಿನದು ಅವನ ಹತ್ತಿರ ಇರಲಿಲ್ಲ. ಆ ಕೊನೆಯ ಅಧ್ಯಾಯವನ್ನು ಅವನು ಬರೆಯಲಿಲ್ಲ. ಮತ್ತೆ ಯಾವ ಕಾದಂಬರಿಯನ್ನೂ ಬರೆಯಲಿಲ್ಲ. ಮರುದಿನದಿಂದ ಆಯಿ ಕಲ್ಲಿನ ಬಳಿ ಹೋಗುವುದನ್ನು ಬಿಟ್ಟಳು. ಕತ್ತಲಾಗುತ್ತಲೇ ಕಾಕಾ ಹೋಗಿ ಹಣತೆ ಇಟ್ಟು ಬರುತ್ತಿದ್ದ.

ಈಗ ಇಬ್ಬರೂ ಇಲ್ಲ. ಡ್ರೈವರನಿಗೆ ಹೇಳಿ ಉದ್ದನೆಯ ಹಗ್ಗ ತರಿಸಿದೆ. ದೀಪ ಕಟ್ಟಿ ಮೆಲ್ಲಗೆ ಬಿಟ್ಟೆ. ನಡುವಿನವರೆಗೆ ಚೆನ್ನಾಗಿ ಉರಿಯಿತು. ಇನ್ನಷ್ಟು ಬಿಟ್ಟೆ, ಆರಿತು. ಹಗ್ಗವನ್ನು ಮೇಲಕ್ಕೆ ಎಳೆದುಕೊಂಡು, ಮಣ್ಣು ಹಾಕು ಎಂದೆ.