ಕ್ಯಾಸೆಟ್ಟಿನ ಕೊನೆಯ ಹಾಡು

ಅಕ್ಕ ಕನ್ನಡ ಶಾಲೆಯಲ್ಲಿ ಓದಿದವಳು. ಅವಳಿಗಿಂತ ಎಂಟು ವರ್ಷ ಚಿಕ್ಕವಳಾದ ನನ್ನನ್ನು ಅಪ್ಪ ಇಂಗ್ಲಿಷ್ ಶಾಲೆಗೆ ಹಾಕಿದರು. ಹಾಗಾಗಿ ಮುಂಬೈ ಹತ್ತಿರದ ಡೊಂಬಿವಿಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಇಂಗ್ಲಿಷಿಗೆ ಸಂಬಂಧಪಟ್ಟ ಕೊನೆಯ ಮಾತು ನನ್ನದು. ಬಿಲ್ಡಿಂಗಿನ ಸೊಸೈಟಿಯ ನೋಟೀಸು, ಡಾಕ್ಟರ ಚೀಟಿ, ಎಲ್ಲವನ್ನೂ ಓದಿ ಹೇಳುವವಳು ನಾನೇ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಎರಡು ಸಾವಿರದ ಎರಡರ ಸುಮಾರಿಗೆ ಅಕ್ಕ ಠಾಣೆ ನಗರದ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕಿದ್ದಳು. ಇಂಗ್ಲಿಷ್ ಓದಿದರೆ ಅವಳಿಗೆ ಅರ್ಥವಾಗುತ್ತಿತ್ತು, ಕೇಳಿದರೆ ಆಗುತ್ತಿರಲಿಲ್ಲ. ಅದೇ ಆಫೀಸಿಗೆ ಮೈಸೂರಿನವರೊಬ್ಬರು ಆಡಿಟ್ ಕೆಲಸಕ್ಕೆಂದು ಒಂದು ವರ್ಷದ ಮಟ್ಟಿಗೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಪ್ರೇಮಗೀತೆಗಳ ಹುಚ್ಚು. ಹಾಡಿಗಿಂತ ಹೆಚ್ಚಾಗಿ ಅದು ಹುಟ್ಟಿದ ಕತೆಯ ಹುಚ್ಚು. ಊಟದ ಹೊತ್ತಿನಲ್ಲಿ ಅಕ್ಕನಿಗೆ ದಿನಕ್ಕೊಂದು ಕತೆ ಹೇಳುತ್ತಿದ್ದರು. ಒಬ್ಬ ತನ್ನ ಗೆಳೆಯನ ಹೆಂಡತಿಯನ್ನು ಪ್ರೀತಿಸಿ ಬರೆದದ್ದು, ಇನ್ನೊಬ್ಬ ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆದದ್ದು, ಮತ್ತೊಬ್ಬ ಮದುವೆಯ ವಾರ್ಷಿಕೋತ್ಸವ ಮರೆತು, ಹೆಂಡತಿಯ ಸಿಟ್ಟಿಗೆ ಹೆದರಿ ಅರ್ಧ ಗಂಟೆಯಲ್ಲಿ ಬರೆದದ್ದು.

ಅಕ್ಕ ಸಂಜೆ ಮನೆಗೆ ಬಂದು, ತರಕಾರಿ ಹೆಚ್ಚುತ್ತಾ ಅವನ್ನೆಲ್ಲ ನನಗೆ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಆ ಗಾಯಕರೆಲ್ಲ ನಮ್ಮ ನೆಂಟರು, ಪಕ್ಕದ ಬಿಲ್ಡಿಂಗಿನವರು ಅನ್ನುವ ಹಾಗೆ.

ವರ್ಷ ಮುಗಿದು ಅವರು ವಾಪಸು ಹೊರಟ ದಿನ ಅಕ್ಕನ ಕೈಗೊಂದು ಕ್ಯಾಸೆಟ್ ಕೊಟ್ಟರು. ತಾವೇ ಆರಿಸಿ ತುಂಬಿಸಿದ್ದು. "ಕೊನೆಯ ಹಾಡು ಕೇಳಿ. ನಾನು ಹೇಳಬೇಕಾದ್ದು ಅದರಲ್ಲೇ ಇದೆ. ಅದರ ಕತೆ ಮಾತ್ರ ನನ್ನಿಂದ ಹೇಳೋಕಾಗಲ್ಲ" ಎಂದರಂತೆ.

ಅಕ್ಕ ಟೇಪ್ ರೆಕಾರ್ಡರನ್ನು ಅಡುಗೆಮನೆಗೆ ತಂದು, ನನ್ನನ್ನೂ ಒಳಗೆ ಕರೆದು ಬಾಗಿಲು ಎಳೆದುಕೊಂಡಳು. ಹಾಡು ಒಮ್ಮೆ ಮುಗಿಯಿತು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು.

"ಎಂತ ಹೇಳ್ತಾನೆ ಅವನು?"

"ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ಪ್ರೀತಿಸಲಾರೆ ಅಂತಾನೆ. ಹೊರಗೆ ಕಾರು ಕಾಯ್ತಾ ಉಂಟಂತೆ."

"ಮತ್ತೆ?"

"ಆದರೂ ನಾನು ಇರಬಲ್ಲೆ ಅಂತಾನೆ. ಐ ಕ್ಯಾನ್ ಸ್ಟೇ."

"ಸರಿ ಕೇಳು ಮಾರಾಯ್ತಿ."

"ಪಕ್ಕಾ ಅಕ್ಕ. ಕ್ಯಾನ್ ಅಂದ್ರೆ ಕ್ಯಾನೇ."

ಶಾಲೆಯಲ್ಲಿ ಟೀಚರು ನಮಗೆ ಕಲಿಸಿದ್ದು 'ಕಾಂಟ್' ಎಂದು, ಬಾಯಿ ತುಂಬ ಎಳೆದು. ಅಮೆರಿಕದ ಗಾಯಕ ಅದನ್ನೇ 'ಕ್ಯಾನ್‌ಟ್' ಎಂದು ಹಾಡಿ, ಕೊನೆಯ ಅಕ್ಷರವನ್ನು ನುಂಗಿಬಿಡುತ್ತಾನೆಂದು ಹದಿನೈದರ ನನಗೆ ಗೊತ್ತಿರಲಿಲ್ಲ. 'ಇರಲಾರೆ' ಎಂದು ಅವನು ಹಾಡಿದ್ದನ್ನು 'ಇರಬಲ್ಲೆ' ಎಂದು ನಾನು ಅಕ್ಕನಿಗೆ ಹೇಳಿದೆ.

ಅಕ್ಕ ಕಾಯಲು ಶುರು ಮಾಡಿದಳು. ಅವರ ಬೆಂಗಳೂರಿನ ಆಫೀಸಿಗೆ ಎರಡು ಕಾಗದ ಬರೆದಳು. ಉತ್ತರ ಬರಲಿಲ್ಲ. "ಅವರು ಹೇಳಬೇಕಾದ್ದು ಹೇಳಿ ಆಗಿದೆಯಲ್ಲ" ಎಂದಳು. ಕಲ್ಯಾಣದ ಹೋಟೆಲಿನವರ ಮನೆಯಿಂದ ಒಳ್ಳೆಯ ಸಂಬಂಧ ಬಂತು. ಬೇಡವೆಂದಳು. ಅಪ್ಪ ಮೂರು ದಿನ ಊಟ ಬಿಟ್ಟರು. ಅಮ್ಮ ಕಾರಣ ಕೇಳಿ ಕೇಳಿ ಸೋತಳು. ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಅದನ್ನು ಒಂದು ದೊಡ್ಡ ಗುಟ್ಟಿನಂತೆ ಹೆಮ್ಮೆಯಿಂದ ಕಾಪಾಡಿದೆ. ಆಮೇಲೆ ಅಪ್ಪ ತೀರಿಕೊಂಡರು. ಸಂಬಂಧಗಳು ಬರುವುದು ಕಡಿಮೆಯಾಯಿತು. ಅಕ್ಕನಿಗೆ ಮೂವತ್ತೆರಡಾದಾಗ ಅವಳಿಗಿಂತ ಮೊದಲು ನನ್ನ ಮದುವೆ ಆಯಿತು. ಸೀರೆ ಉಡಿಸಿದವಳು ಅವಳೇ. ನಿರಿಗೆಗಳನ್ನು ಒಂದೊಂದಾಗಿ ಹಿಡಿದು ಪಿನ್ನು ಚುಚ್ಚಿದಳು.

ಮರುವರ್ಷ ಐರೋಲಿಯ ನನ್ನ ಆಫೀಸಿನಲ್ಲಿ ಯಾರಿಗೋ ಬೀಳ್ಕೊಡುಗೆ. ಮಧ್ಯಾಹ್ನ ಕೇಕ್ ಕತ್ತರಿಸುವಾಗ ಆ ಹಾಡು ಹಾಕಿದರು. "ಹೋಗುವವರಿಗೆ ಇರುತ್ತೇನೆ ಅನ್ನುವ ಹಾಡಾ?" ಎಂದು ನಾನು ನಕ್ಕೆ. ಪಕ್ಕದಲ್ಲಿದ್ದ ಸಹೋದ್ಯೋಗಿ, "ಅರೇ, ಯೇ ತೋ ಜಾನೇವಾಲೇ ಕಾ ಗಾನಾ ಹೈ", ಇದು ಹೊರಟುಹೋಗುವವನ ಹಾಡೇ, ಎಂದು ಫೋನಿನಲ್ಲಿ ತೆಗೆದು ತೋರಿಸಿದ. ಹಾಡಿನ ಸಾಲುಗಳು ಇದ್ದವು, ಕೆಳಗೆ ಕತೆಯೂ ಇತ್ತು. ಹಾಡಿದವನು ಹೆಂಡತಿ ಮಕ್ಕಳ ಬಳಿ ಹಿಂತಿರುಗಲು ತೀರ್ಮಾನಿಸಿ, ಪ್ರೀತಿಸಿದವಳ ಮನೆಯೆದುರು ಕಾರಿನಲ್ಲಿ ಕೂತು ಬರೆದದ್ದಂತೆ.

ಮೈಸೂರಿನವರಿಗೆ ಈ ಕತೆಯನ್ನು ಯಾಕೆ ಹೇಳಲಾಗಲಿಲ್ಲವೆಂದು ಆಗ ತಿಳಿಯಿತು.

ಆ ವಾರವೇ ಹೇಳಬಹುದಿತ್ತು. ಭಾನುವಾರ ಠಾಣೆಯ ಗಂಡನ ಮನೆಯಿಂದ ಡೊಂಬಿವಿಲಿಗೆ ಹೋದೆ, ಅಕ್ಕ ಮಾಡಿದ ನೀರ್ದೋಸೆ ತಿಂದೆ, ಬಂದೆ. ಮುಂದಿನ ಭಾನುವಾರವೂ ಅಷ್ಟೇ. ಅವಳು ಕಾದ ಹತ್ತು ವರ್ಷಗಳು ನನ್ನ ತಲೆಯ ಮೇಲೆ ಬೀಳುತ್ತವೆಂಬ ಹೆದರಿಕೆ, ಬೇರೇನಲ್ಲ. ಹೀಗೆ ಎರಡು ತಿಂಗಳು ಹೋಯಿತು. ಆ ನಡುವೆ ಕಲ್ಯಾಣದ ಇನ್ನೊಬ್ಬರು, ಹೆಂಡತಿ ತೀರಿಕೊಂಡವರು, ಮಕ್ಕಳಿಲ್ಲದವರು, ಅಮ್ಮನ ಮೂಲಕ ಕೇಳಿಸಿದರು. ಮೆತ್ತಗಿನ ಮನುಷ್ಯ. ಮನೆಗೆ ಬಂದು ಚಹಾ ಕುಡಿದು ಲೋಟವನ್ನು ತಾವೇ ಸಿಂಕಿನಲ್ಲಿಟ್ಟಿದ್ದರು. ಅಕ್ಕ ಅವರಿಗೂ ಬೇಡವೆಂದಳು. ನಾನು ಅಲ್ಲೇ ಕೂತಿದ್ದೆ.

ಅಮ್ಮ ಅಂದು ಅತ್ತ ರೀತಿ ನೋಡಲಾಗಲಿಲ್ಲ. ಮರುದಿನ ಅಕ್ಕನನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಫೋನಿನಲ್ಲಿ ಹಾಡು ಹಾಕಿದೆ. ಅವಳು ಪರದೆಯ ಮೇಲಿನ ಸಾಲುಗಳನ್ನು ಬೆರಳಿಟ್ಟು ಓದಿದಳು.

"ಇಲ್ಲಿಯಾ?"

"ಹೂಂ."

"ಕೇಳಿಸುವುದೇ ಇಲ್ಲವಲ್ಲ."

ಮತ್ತೊಮ್ಮೆ ಹಾಕು ಎಂದಳು. ಹಾಕಿದೆ. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ನಿನಗೆ ಯಾವಾಗ ಗೊತ್ತಾದದ್ದು?"

ಸುಳ್ಳು ಹೇಳಬಹುದಿತ್ತು. "ಎರಡು ತಿಂಗಳಾಯ್ತು" ಎಂದೆ.

"ಚಿಕ್ಕವಳಿದ್ದಾಗ ಹೇಳಿದ್ದು ಬಿಡು, ನಿನಗೆ ಗೊತ್ತಿರಲಿಲ್ಲ. ನಿನ್ನೆ ಆ ಜನ ಇಲ್ಲಿ ಬಂದು ಕೂತಿದ್ದರಲ್ಲ. ನಿನ್ನೆ ನಿನಗೆ ಗೊತ್ತಿತ್ತಲ್ಲ."

ನಾನು ಅಳುತ್ತಾ ಅವಳ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಯಾರದೋ ಕೈಯ ಹಾಗೆ ಅದು ನನ್ನ ಕೈಯೊಳಗಿತ್ತು.

ಅವಳಿಗೆ ಹೇಳದೆ ಕಲ್ಯಾಣಕ್ಕೆ ಹೋಗಿ, ಬಂದು ಹೋದವರ ಮನೆಯ ಬಾಗಿಲು ತಟ್ಟಿದೆ. ಅಷ್ಟರಲ್ಲಿ ವಾರ ಕಳೆದಿತ್ತು. ಊರ ಕಡೆಯ ಹುಡುಗಿಯೊಬ್ಬಳನ್ನು ಮಾತಾಡಿ ಮುಗಿಸಿದ್ದೇವೆ ಎಂದು ಅವರ ತಾಯಿ ಹೇಳಿ, ಕೈಗೆ ಲಾಡು ಕೊಟ್ಟು ಕಳಿಸಿದರು.

ಮಳೆಗಾಲ ಮುಗಿದ ಮೇಲೆ ಅಕ್ಕ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಒಂದು ಕೆಲಸ ಹಿಡಿದು, ಅಲ್ಲೇ ಬಾಡಿಗೆ ಕೋಣೆ ಮಾಡಿದಳು. ಸಾಮಾನು ಸಾಗಿಸಲು ನಾನೂ ಹೋದೆ. ಬಾಗಿಲ ಬಳಿ ಸೂಟ್‌ಕೇಸ್ ಇಳಿಸಿಕೊಂಡು, "ನೀನು ಹೊರಡು, ಆಮೇಲೆ ಬಸ್ಸು ರಶ್ ಆಗ್ತದೆ" ಎಂದಳು. ಒಳಗೆ ಕರೆಯಲಿಲ್ಲ. ಈಗಲೂ ಫೋನ್ ಮಾಡಿದರೆ ಎತ್ತುತ್ತಾಳೆ, ಮಕ್ಕಳು ಹೇಗಿದ್ದಾವೆ ಎಂದು ಕೇಳುತ್ತಾಳೆ, ಇಡುತ್ತಾಳೆ. ಯಾವ ಕತೆಯನ್ನೂ ಹೇಳುವುದಿಲ್ಲ.

ತಂಗಿಯ ಮದುವೆ ಮೊದಲು ಮಾಡಿಬಿಟ್ಟೆವು, ಅದಕ್ಕೇ ದೊಡ್ಡವಳು ಮುನಿಸಿಕೊಂಡು ಮನೆ ಬಿಟ್ಟಳು ಎಂದು ಅಮ್ಮ ನಂಬಿದ್ದಳು. ಎಲ್ಲ ತಪ್ಪು ತನ್ನದೇ ಎಂದು ಬಂದ ನೆಂಟರೆದುರೆಲ್ಲ ಹೇಳಿಕೊಳ್ಳುತ್ತಿದ್ದಳು. ನಾಲ್ಕು ವರ್ಷ ಹಾಗೆಯೇ ನಂಬಿ ಸತ್ತಳು. ಅಲ್ಲ ಅಮ್ಮ, ಅದು ನಿನ್ನ ತಪ್ಪಲ್ಲ ಎಂದು ನಾನು ಒಮ್ಮೆಯೂ ಹೇಳಲಿಲ್ಲ.