ಬಾನೆಟ್ ತೆರೆಯದ ಶರ್ಯತ್ತು

ಕಾರಿನ ಬಾನೆಟ್ಟಿನ ಸಂದಿಯಿಂದ ಹಬೆ ಏಳುವಾಗ ಒಂದು ವಾಸನೆ ಬರುತ್ತದೆ. ಕುದ್ದ ನೀರು, ಕಾದ ರಬ್ಬರು, ಹಳೆಯ ಎಣ್ಣೆ ಎಲ್ಲ ಕೂಡಿದ ವಾಸನೆ. ನೀವು ಹೊಸ ಕಾರಿನವರಾದರೆ ಇದರ ಪರಿಚಯ ಇರಲಿಕ್ಕಿಲ್ಲ, ಇಲ್ಲದಿದ್ದರೆ ಒಳ್ಳೆಯದೇ. ಮೊನ್ನೆ ಮುದ್ದೇಬಿಹಾಳದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಇಂಡಿಗೆ ಮರಳುವಾಗ, ದೇವರ ಹಿಪ್ಪರಗಿ ದಾಟಿದ ಮೇಲೆ ನನ್ನ ಕಾರು ಈ ವಾಸನೆ ಬಿಟ್ಟು ನಿಂತುಕೊಂಡಿತು. ಎರಡೂ ಕಡೆ ತೊಗರಿ ಹೊಲ, ನೆತ್ತಿಯ ಮೇಲೆ ಬಿಸಿಲು. ಪಕ್ಕದ ಸೀಟಿನಲ್ಲಿ ನನ್ನ ಸೋದರಮಾವ ಶಿವಲಿಂಗಪ್ಪ. ವಯಸ್ಸು ಎಪ್ಪತ್ತು ದಾಟಿದೆ. ನಾನು ನೀರಿನ ಬಾಟಲಿ ಹಿಡಿದು ಇಳಿದರೆ ಅವರು ಕೂತಲ್ಲಿಂದಲೇ ತಡೆದರು.

"ಈಗ ನೀರ್ ಹಾಕಬ್ಯಾಡೋ ತಮ್ಮಾ. ಆರಲಿ."

"ಎಷ್ಟೊತ್ತ ಬೇಕ್ರಿ ಮಾಮಾ?"

"ಅದಕ್ಕ ಎಷ್ಟು ಬೇಕೋ ಅಷ್ಟು."

ನನಗಂತೂ ಈಚೆಗೆ ಕಾಯುವುದರಲ್ಲೇ ಜೀವ ಸವೆದಂತೆ ಅನಿಸುತ್ತದೆ. ಕಾಲೇಜಿನಲ್ಲಿ ಅರೆಕಾಲಿಕ ಮೇಷ್ಟ್ರಾಗಿ ಸೇರಿದವನು ಅರೆಕಾಲಿಕನಾಗಿಯೇ ತಲೆ ನರೆಸಿಕೊಂಡೆ. ಹೋದ ತಿಂಗಳು, ಖಾಯಂ ಹುದ್ದೆಗೆ ನಿಮ್ಮ ವಯಸ್ಸು ಮೀರಿದೆ ಎಂದು ಮುಖಕ್ಕೇ ಹೇಳಿ ಕಳಿಸಿದರು. ಜಗಳವಾಡುವಷ್ಟು ಕಸುವೂ ಉಳಿದಿರಲಿಲ್ಲ. ಸರಿ ಸ್ವಾಮಿ ಎಂದು ಚಹಾ ಕುಡಿದು ಮನೆಗೆ ಬಂದೆ. ಅಂಥ ದಣಿವಿನಲ್ಲಿ ನಿಂತವನಿಗೆ ಆ ಹಬೆಯ ವಾಸನೆ ತೊಂಬತ್ತರ ದಶಕದ ಒಂದು ದಸರೆಯನ್ನು ಎಳೆದು ತಂದಿತು. ಇದೇ ರಸ್ತೆ. ಇದೇ ಜಾಗ ಎನ್ನಲಾರೆ, ಸುಳ್ಳಾದೀತು.

ಮಾಮಾ ಆಗ ಇಂಡಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗುಂಡು ಬೆನ್ನಿನ ಹಳೆಯ ಬಿಳಿ ಪೆಟ್ರೋಲ್ ಕಾರು ಓಡಿಸುತ್ತಿದ್ದರು. ಗಾಡಿ ಅವರ ಅಣ್ಣ, ಮನೆಯ ಯಜಮಾನ ದೊಡ್ಡ ಮಾಮಾನ ಹೆಸರಿನಲ್ಲಿತ್ತು. ಸುತ್ತಲೆಲ್ಲ ಡೀಸೆಲ್ ಜೀಪುಗಳು ಬಂದು, ಒಳಗೆ ಹಿಡಿದಷ್ಟು, ಹೊರಗೆ ಜೋತಷ್ಟು ಜನರನ್ನು ಸಾಗಿಸುತ್ತಿದ್ದವು. ದೊಡ್ಡ ಮಾಮಾಗೆ ಕಾರಿನ ಮೇಲೆ ಸಿಟ್ಟು. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ. ಇದನ್ನ ಮಾರಿ ಜೀಪ್ ತರೂಣು," ಎಂದು ಊಟಕ್ಕೆ ಕೂತಾಗಲೆಲ್ಲ ಶುರುಮಾಡುತ್ತಿದ್ದರು. ಶಿವಲಿಂಗಪ್ಪ ಮಾಮಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಟ್ಟೆ ನೋಡುತ್ತ ಕೂಡುತ್ತಿದ್ದರು. ಅವರಿಗೆ ಆ ಕಾರೆಂದರೆ ಪ್ರಾಣ. ಮಕ್ಕಳಿಲ್ಲದ ಮನುಷ್ಯ, ಬೆಳಿಗ್ಗೆ ಎದ್ದು ಮೊದಲು ಅದರ ಮುಖ ಒರೆಸುತ್ತಿದ್ದರು.

ಈ ನಡುವೆ ತಲೆ ಹಾಕಿದವನು ನಾನು. ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ. ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಕಾರು ಪಂದ್ಯಗಳ ಚರಿತ್ರೆ ಓದಿ, ಅದನ್ನು ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಪುರಾಣದಂತೆ ಹೇಳಿದೆ. ಮೊದಮೊದಲು ಈ ಪಂದ್ಯಗಳಿಗೆ ವಿಶೇಷ ಕಾರುಗಳೇ ಇರಲಿಲ್ಲವಂತೆ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಕಾರನ್ನೇ ತಂದು ದಿನವಿಡೀ ಓಡಿಸಬೇಕು. ಯಾರು ಜೋರಾಗಿ ಓಡಿದರು ಎನ್ನುವುದಕ್ಕಿಂತ ಯಾರ ಗಾಡಿ ಕೊನೆತನಕ ತಾಳಿತು ಎನ್ನುವುದು ಮುಖ್ಯ. ಒಂದು ದೇಶದಲ್ಲಿ ಪ್ರಯಾಣಿಕರು ಕೂಡುವ ಜಾಗದಲ್ಲಿ ಅವರಷ್ಟೇ ತೂಕದ ಭಾರ ಹೇರಿಸುತ್ತಿದ್ದರಂತೆ, ಸಂಸಾರಸ್ಥರ ಕಾರು ಸಂಸಾರಸ್ಥರ ಕಾರಿನ ಹಾಗೇ ಓಡಲಿ ಎಂದು. ಇನ್ನೊಂದು ಕಡೆ, ಒಂದು ದ್ವೀಪದಲ್ಲಿ ಇಂಥ ಓಟ ನಡೆದೂ ನಡೆದೂ ರಸ್ತೆಯೇ ಕಿತ್ತುಹೋಗಿ, ಪಂದ್ಯವನ್ನು ಬೇರೆ ಊರಿಗೆ ಸಾಗಿಸಬೇಕಾಯಿತಂತೆ.

"ಹಂಗಾದ್ರ ನಮ್ಮ ಸಿಂದಗಿ ರೋಡಿನ್ಯಾಗ ದಿನಾ ಶರ್ಯತ್ತು ನಡದಂಗಾತಲ್ಲೋ," ಎಂದರು ಮಾಮಾ. ಎಲ್ಲರೂ ನಕ್ಕರು. ಎತ್ತಿನ ಬಂಡಿ ಓಡಿಸುವ ಶರ್ಯತ್ತು ಕಂಡ ಜನ ಅವರು. ಗಾಡಿ ಶರ್ಯತ್ತು ಯಾಕಾಗಬಾರದು ಎಂಬ ಹುಳ ಎಲ್ಲರ ತಲೆಗೂ ಹೊಕ್ಕಿತು.

ನೇಮ ಕಟ್ಟಿದ್ದೂ ಸ್ಟ್ಯಾಂಡಿನವರೇ. ದಿನಾ ಬಾಡಿಗೆಗೆ ಓಡುವ ಗಾಡಿಯೇ ಆಗಬೇಕು, ಹೊಸದೇನನ್ನೂ ಜೋಡಿಸಬಾರದು. ದಿನದಂತೆ ಸೀಟು ತುಂಬಿರಬೇಕು. ಜನ ಸಿಗದಿದ್ದರೆ ಜೋಳದ ಚೀಲ. ಇಂಡಿಯಿಂದ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ದೇವರ ಹಿಪ್ಪರಗಿ, ಮತ್ತೆ ಇಂಡಿ. ಹೀಗೆ ಎರಡು ಸುತ್ತು ಹಾಕಿ ಹೊತ್ತು ಮುಳುಗುವುದರೊಳಗೆ ಬರಬೇಕು. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಬಾನೆಟ್ಟಿಗೆ ಅರಿಷಿಣದ ದಾರ ಕಟ್ಟಿ, ಗಂಟಿಗೆ ಅರಗು ಒತ್ತುವುದು. ಮರುದಿನ ಬನ್ನಿ ಹಬ್ಬದ ಬೆಳಿಗ್ಗೆ ಹೊರಡುವುದು. ದಾರಿಯಲ್ಲಿ ಅರಗು ಒಡೆದರೆ ಸೋತಂತೆ. ತೀರ್ಪು ಹೇಳುವ ಪಂಚರು ದೊಡ್ಡ ಮಾಮಾನೇ. ಅರಗು ಒತ್ತುತ್ತ ಅವರು ತಮ್ಮನಿಗೆ ಎಲ್ಲರೆದುರು ಹೇಳಿದರು: "ಬಾನೆಟ್ ತೆಗೀದ, ಹೊತ್ತಿನ್ಯಾಗ ಬಂತಂದ್ರ ಗಾಡಿ ನಿಂದು. ನಾ ಮತ್ತ ಬಾಯಿ ತೆಗಿಯೂದುಲ್ಲ. ಇಲ್ಲಂದ್ರ ದೀಪಾವಳಿಯೊಳಗ ಮಾರೂದು."

ಮಾಮಾ ತಲೆಯಾಡಿಸಿದರು, ಅಷ್ಟೇ.

ಆ ಕಾರಿಗೆ ಒಂದು ಹಟವಿತ್ತು. ಕಾದಾಗ ಬಂದ್ ಮಾಡಿದರೆ, ಪೂರಾ ಆರುವತನಕ ದೇವರು ಬಂದರೂ ಚಾಲೂ ಆಗುತ್ತಿರಲಿಲ್ಲ. ಹಾಗಾಗಿ ಅಂದು ಚಹಾ ಕುಡಿಯುವಾಗಲೂ ಎಂಜಿನ್ ಓಡುತ್ತಲೇ ಇರಬೇಕೆಂದು ಮಾಮಾ ತಮಗೆ ತಾವೇ ಆಣೆ ಹಾಕಿಕೊಂಡಿದ್ದರು. ಮೂರು ಗಾಡಿ ಹೊರಟವು: ನಮ್ಮ ಕಾರು, ಎರಡು ಜೀಪು. ನಾನು ಸಾಕ್ಷಿಗೆಂದು ಮುಂದಿನ ಸೀಟಿನಲ್ಲಿ, ಹಿಂದೆ ಬೀಗರು, ನೆರೆಯವರು, ಬುತ್ತಿ ಗಂಟು. ಒಂದು ಜೀಪು ಮೊದಲ ಸುತ್ತಿನಲ್ಲೇ ಬಾನೆಟ್ ಎತ್ತಿ ನಿಂತಿತು. ನಮ್ಮದು ಓಡಿತು. ತಗ್ಗು ದಿನ್ನೆ, ಧೂಳು, ಸೊಂಟ ನೋವು, ಆದರೂ ಓಡಿತು. ಎರಡನೆಯ ಸುತ್ತಿನಲ್ಲಿ ಬಾಗೇವಾಡಿ ದಾಟುವಾಗ ಬಿಸಿಲು ಇನ್ನೂ ಬೇಕಾದಷ್ಟಿತ್ತು. ಹಿಂದಿನವರು ಹಾಡಲಿಕ್ಕೆ ಶುರುಮಾಡಿದರು. ಮಾಮಾ ಸ್ಟೇರಿಂಗ್ ಸವರುತ್ತ, "ಗೆದ್ಯೋ ನನ್ನಪ್ಪಾ," ಎಂದು ಕಾರಿಗೇ ಹೇಳಿದ್ದು ನನಗೆ ಕೇಳಿಸಿತು.

ದೇವರ ಹಿಪ್ಪರಗಿಯ ಕೂಡುರಸ್ತೆಯಲ್ಲಿ ಉಳ್ಳಾಗಡ್ಡಿ ಚೀಲ ಇಟ್ಟುಕೊಂಡು ನಿಂತಿದ್ದ ಒಬ್ಬ ಮುದುಕ ಕೈ ಮಾಡಿದ.

ಟ್ಯಾಕ್ಸಿ ಓಡಿಸುವವರ ದೇಹ ಅವರ ಮಾತು ಕೇಳುವುದಿಲ್ಲ. ಯಾರಾದರೂ ಕೈ ಮಾಡಿದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಜನ ಹತ್ತುವಷ್ಟು ಹೊತ್ತು ಪೆಟ್ರೋಲು ಯಾಕೆ ಸುಡಬೇಕೆಂದು ಕೈ ತಾನಾಗಿ ಚಾವಿ ತಿರುವುತ್ತದೆ. ಎರಡೂ ಆಗಿಹೋದವು. ನಾವು "ಮಾಮಾ!" ಎಂದು ಕೂಗುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು, ಅಂದರೆ ಸದ್ದು ಮಾತ್ರ.

ಮುದುಕ ಕಿಟಕಿಗೆ ಬಂದ. "ಸಿಂದಗಿಗಿ ಹೋಕ್ಕೈತೇನ್ರಿ?"

"ಇಲ್ಲಪಾ. ಇಂಡಿಗಿ," ಎಂದರು ಮಾಮಾ. ದನಿ ಸತ್ತುಹೋಗಿತ್ತು.

"ಮತ್ತ ಯಾಕ ನಿಂದ್ರಿಸಿದ್ರಿ?"

ಮಾಮಾ ಚಾವಿ ತಿರುವಿದ ತಮ್ಮ ಕೈಯನ್ನೇ ನೋಡಿಕೊಂಡರು. ಮುದುಕ ಪಾಪ, ಏನೋ ತಪ್ಪಾಗಿದೆ ಎಂದುಕೊಂಡು, ಹಬ್ಬವಾದ್ದರಿಂದ ಜೇಬಿನಿಂದ ನಾಲ್ಕು ಬನ್ನಿ ಎಲೆ ತೆಗೆದ. "ಹೋಗ್ಲಿ, ಬನ್ನಿ ತಗೋರಿ. ಬಂಗಾರದಂಗ ಇರೂಣು." ಮಾಮಾ ಎರಡೂ ಕೈಯಿಂದ ಇಸಿದುಕೊಂಡು ನಮಸ್ಕಾರ ಮಾಡಿದರು.

ಚಾವಿ ತಿರುವಿದರು. ಎಲ್ಲರೂ ಇಳಿದು ನೂಕಿದೆವು. ಉಳ್ಳಾಗಡ್ಡಿಯ ಮುದುಕನೂ ನೂಕಿದ. ಉಳಿದ ಜೀಪು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಹೋಯಿತು. ಬಾನೆಟ್ ತೆರೆದಿದ್ದರೆ ಗಾಳಿ ಹೊಕ್ಕು ಬೇಗ ಆರುತ್ತಿತ್ತು. ಮಾಮಾ ಯಾರಿಗೂ ದಾರ ಮುಟ್ಟಗೊಡಲಿಲ್ಲ. ಕೊನೆಗೆ ಕಾರು ತಾನಾಗಿಯೇ ಮನಸ್ಸು ಮಾಡಿ ಚಾಲೂ ಆದಾಗ ಸೂರ್ಯ ಹೊಲದಂಚಿಗೆ ಇಳಿದಿದ್ದ. ಇಂಡಿ ಮುಟ್ಟಿದಾಗ ಅಂಗಡಿಗಳಲ್ಲಿ ದೀಪ ಹತ್ತಿದ್ದವು. ದೊಡ್ಡ ಮಾಮಾ ಕುರ್ಚಿಯಿಂದ ಎದ್ದು ಬಂದು ಗಂಟನ್ನು ಬೆರಳಿನಿಂದ ತಡವಿ ನೋಡಿದರು.

"ಅರಗು ಒಡದಿಲ್ಲ," ಎಂದರು. ಆಮೇಲೆ ಪಡುವಣದ ಕಡೆ ನೋಡಿ, "ಆದ್ರ ಹೊತ್ತು ಮುಳಗೇತಿ."

ದೊಡ್ಡ ಮಾಮಾನ ಮೇಲೆ ನನಗೆ ಬಂದ ಸಿಟ್ಟು ವರ್ಷಗಟ್ಟಲೆ ಇಳಿಯಲಿಲ್ಲ. ದೀಪಾವಳಿಗೆ ಮುಂಚೆ ಕಾರು ಹೋಯಿತು. ಕೊಳ್ಳಲು ಬಂದವನು ಎಂಜಿನ್ ನೋಡಬೇಕೆಂದಾಗ ಶಿವಲಿಂಗಪ್ಪ ಮಾಮಾನೇ ಆ ದಾರ ಹರಿದರು. ಆಮೇಲೆ ಜೀಪು ಬಂತು. ಅದನ್ನು ಅವರು ಎರಡು ಸಾವಿರದ ಇಸವಿಯ ಆಚೆಗೂ ಓಡಿಸಿದರು, ಟೆಂಪೊಗಳು ಸ್ಟ್ಯಾಂಡನ್ನು ನುಂಗುವ ತನಕ. ಜೀಪಿನ ಮುಖ ಒರೆಸಿದ್ದನ್ನು ಮಾತ್ರ ನಾನು ಒಮ್ಮೆಯೂ ಕಾಣಲಿಲ್ಲ. ಶರ್ಯತ್ತಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮೊನ್ನೆ ಎತ್ತಿದೆ. ಬಿಸಿಲು, ದಣಿವು, ವಯಸ್ಸು ಮೀರಿತೆಂದು ಕೇಳಿಸಿಕೊಂಡ ಕಹಿ, ಎಲ್ಲ ಸೇರಿ ಬಾಯಿಗೆ ಬಂತು. ಕಿಟಕಿಗೆ ಮೊಳಕೈ ಊರಿ ಹೇಳಿದೆ: "ಮಾಮಾ, ನಾ ಆಮ್ಯಾಲ ಓದೀನ್ರಿ. ಆ ಪರದೇಶದ ಶರ್ಯತ್ತಿನ್ಯಾಗೂ ಹೊತ್ತು ಮೀರಿ ಬಂದ ಗಾಡಿಗೊಳನ್ನ ಲೆಕ್ಕಕ್ಕ ಹಿಡೀತಿರಲಿಲ್ಲಂತ. ದಿನವಿಡೀ ಓಡಿದ್ರೂ ಅವು ಓಡೇ ಇಲ್ಲ ಅಂದಂಗ. ಎಂಥಾ ಅನ್ಯಾಯ ನೋಡ್ರಿ."

ಅವರು ರಸ್ತೆ ನೋಡುತ್ತಿದ್ದರು. ಈಗ ನನ್ನ ಕಡೆ ತಿರುಗಿದರು.

"ಲೆಕ್ಕಕ್ಕ ಹಿಡೀಲಿಲ್ಲಂದ್ರ ಏನಾತೋ? ಮನಿಗಿ ಬಂದಿರಬೇಕಲ್ಲ ಅವು."

ನಾನು ಬಿಸಿಲಿಗೆ ಬೆನ್ನು ಮಾಡಿ ನೀರಿನ ಬಾಟಲಿಯ ಮುಚ್ಚಳ ತಿರುವಿದೆ. ಒಂದು ತಿಂಗಳಿಂದ ಯಾರಾದರೂ ಏನಾದರೂ ಹೇಳಲಿ ಎಂದು ಕಾದಿದ್ದೆ. ಕಾದದ್ದು ಈ ಮಾತಿಗೆ ಎಂದು ಗೊತ್ತಿರಲಿಲ್ಲ.

"ಇನ್ನ ಹಾಕು ನೀರು," ಎಂದರು ಮಾಮಾ.