ಸ್ವಪ್ನಿಲನ ಲ್ಯಾಪ್‌ಟಾಪ್ ಹುಡುಕುತ್ತಿದ್ದ ಪ್ರೋಗ್ರಾಂ

ಹೆರಿಗೆ ರಜೆ ಮುಗಿಸಿ ಇಚಲಕರಂಜಿಯ ಮಗ್ಗದ ಶೆಡ್ಡಿಗೆ ಮರಳಿದ ದಿನದಿಂದ, ಮೃಣಾಲ ತಾನೇ ಬರೆದ ಪ್ರೋಗ್ರಾಂ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಯಾವ ಮಗ್ಗದಲ್ಲಿ ನೂಲು ಹರಿಯಿತು, ಯಾವುದು ನಿಂತಿತು ಎಂದು ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ. ಕರೆಂಟು ಹೋಗಿ ಬಂದರೆ ಅದು ಏಳುತ್ತಲೇ ಇರಲಿಲ್ಲ. ರಜೆಯಲ್ಲಿ ಅವಳ ಕೆಲಸ ನೋಡಿಕೊಂಡಿದ್ದ ಸ್ವಪ್ನಿಲ ಬಂದು ಲ್ಯಾಪ್‌ಟಾಪ್ ತೆರೆದು ಕೂತರೆ ಮಾತ್ರ ಓಡುತ್ತಿತ್ತು.

“ಅಂವ ಬಂದ್ರ ಓಡ್ತೈತಿ, ನೀ ಬಂದ್ರ ಮಲಗ್ತೈತಿ,” ಎಂದರು ಮಾಲೀಕ ತಾತ್ಯಾಸಾಹೇಬ, ಶೆಡ್ಡೆಲ್ಲ ಕೇಳುವಂತೆ. “ಮನಸ್ಸು ತೊಟ್ಟಿಲದಾಗ ಇಟ್ಟು ಬರ್ತಿ ಏನವಾ? ಮುಂದಿನ ತಿಂಗಳಿಂದ ಮನ್ಯಾಗ ಇದ್ದುಬಿಡು.”

ಸ್ವಪ್ನಿಲ ನಕ್ಕ. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ನಿಜವಾಗಿಯೂ ತನ್ನ ತಲೆ ಮಂಕಾಯಿತೇ ಎಂದು ಕೂಸಿಗೆ ಹಾಲೂಡಿಸುತ್ತ ಹೆದರಿದಳು.

ಆಮೇಲೆ ಕಾರಣ ಸಿಕ್ಕಿತು. ಶೆಡ್ಡಿನ ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂಬ ಸೆಟ್ಟಿಂಗಿನಲ್ಲಿ, ತಪ್ಪು ಹುಡುಕುವ ಡಿಬಗರಿನ ಒಂದು ಆಪ್ಷನ್: ಪ್ರೋಗ್ರಾಂ ಶುರುವಾಗುವ ಮುನ್ನ, ಅದನ್ನು ಓಡಿಸುವ ಜಾವಾ ಸ್ವಪ್ನಿಲನ ಲ್ಯಾಪ್‌ಟಾಪನ್ನು ಕೂಗಬೇಕು. ಅದು ಓಗೊಟ್ಟರೆ ಮುಂದೆ, ಇಲ್ಲವಾದರೆ ಅಲ್ಲೇ ಸಾಯಬೇಕು. ರಜೆಯಲ್ಲಿ ಅವನೇ ಯಾವುದೋ ತಪ್ಪು ಹಿಡಿಯಲು ಹಾಕಿದ್ದು, ಹಾಗೇ ಉಳಿದಿತ್ತು.

ಅಳಿಸಲು ಒಂದು ನಿಮಿಷ ಸಾಕಿತ್ತು. ಮೃಣಾಲ ಅಳಿಸಲಿಲ್ಲ.

ಗಡಹಿಂಗ್ಲಜಿನಲ್ಲಿ ಸ್ವಪ್ನಿಲನ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಇದ್ದ ದಿನವೇ ಕರೆಂಟು ಹೋಗಿ ಬಂತು. ಪರದೆ ಕಪ್ಪು. ಪರದೆಯಿಲ್ಲದೆ ಮಗ್ಗಗಳನ್ನು ಕುರುಡಾಗಿ ಓಡಿಸುವವರಲ್ಲ ತಾತ್ಯಾ; ಶೆಡ್ಡು ನಿಂತಿತು.

“ನನ್ನ ಕೈಲೆ ಆಗೂದಿಲ್ರಿ,” ಎಂದಳು ಮೃಣಾಲ. “ಅಂವನ ಕೈಗುಣನ ಬ್ಯಾರೆ. ಕರಸ್ರಿ.”

ಕರೆಸಿದರು. ಅವನು ಬರುವತನಕ ಅತ್ತೆ ಸೋನಾಬಾಯಿಯಿಂದ ಫೋನಿನ ಮೇಲೆ ಫೋನು. “ಕೂಸು ಬಾಟ್ಲಿ ಬಾಯಿಗೆ ಹಚ್ಚಗೊಡವಲ್ದು. ಯಾವಾಗ ಬರ್ತಿ?”

“ಬಂದೆ ಅತ್ತಿ.” ರವಿಕೆ ಹಾಲಿಗೆ ಒದ್ದೆಯಾಗಿತ್ತು. ಸೆರಗು ಎಳೆದುಕೊಂಡಳು, ಏಳಲಿಲ್ಲ.

ಸ್ವಪ್ನಿಲ ಬಂದ, ರೇಷ್ಮೆ ಕುರ್ತಾ, ಹಣೆ ತುಂಬ ಕುಂಕುಮ, ಬೆರಳಲ್ಲಿ ಹೊಸ ಉಂಗುರ. ಲ್ಯಾಪ್‌ಟಾಪ್ ತೆರೆದ. ಪ್ರೋಗ್ರಾಂ ಓಡಿತು.

“ನೋಡವಾ!” ಎಂದರು ತಾತ್ಯಾ.

“ನೋಡಿದ್ನಿರಿ. ಸ್ವಪ್ನಿಲ, ಈಗ ಅದನ್ನ ಮುಚ್ಚಪಾ.” ಮುಚ್ಚಿದ. ಅವಳು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಸತ್ತಿತು. “ತೆರಿ.” ಓಡಿತು. “ಮುಚ್ಚು.” ಸತ್ತಿತು. ಇನ್ನೊಮ್ಮೆ ಮಾಡಿಸುವ ಅಗತ್ಯವೇ ಇರಲಿಲ್ಲ. ಅವನ ಕಿವಿ ಕೆಂಪಾಗುವುದನ್ನು ನೋಡಲೆಂದೇ ಮಾಡಿಸಿದಳು.

“ತಾತ್ಯಾ, ನಿಮ್ಮ ಶೆಡ್ಡು ಏಳಬೇಕಂದ್ರ ಇವನ ಲ್ಯಾಪ್‌ಟಾಪಿನ ಅಪ್ಪಣಿ ಬೇಕಂತ ಇವನೇ ಬರದಿಟ್ಟಾನ.”

ತಾತ್ಯಾ ಅವನತ್ತ ತಿರುಗಿದರು. “ಖರೇ ಏನಲೇ?”

“ಮೊದಲ ಮರ್ತಿದ್ನಿರಿ... ಆಮ್ಯಾಲ ನೀವು ಹೊಗಳಾಕತ್ರಿ...”

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬೀಗರದು.

“ಎತ್ತಬ್ಯಾಡ,” ಎಂದಳು ಮೃಣಾಲ. “ಮೊದಲ ಅಳಸು. ಎಲ್ಲಾರ ಮುಂದ.”

ಉಂಗುರದ ಕೈಯಿಂದಲೇ ಅಳಿಸಿದ. ಲ್ಯಾಪ್‌ಟಾಪ್ ಚೀಲದಲ್ಲಿರುವಾಗಲೇ ಪ್ರೋಗ್ರಾಂ ಎದ್ದಿತು, ಮಗ್ಗಗಳು ಬಡಿಯತೊಡಗಿದವು. ತಾತ್ಯಾ ಕೆಮ್ಮಿದರು. “ನಾಳೆ ನಿನ್ನ ಟೈಮಿಗೆ ಬಾರವಾ, ಮೃಣಾಲ.”

ಬಾಗಿಲಲ್ಲಿ ಸ್ವಪ್ನಿಲ ಅಡ್ಡ ನಿಂತ. “ಅಕ್ಕಾ, ನಿಮಗ ಮೊದಲ ಗೊತ್ತಿತ್ತು. ಫೋನಿನ್ಯಾಗ ಹೇಳಬಹುದಿತ್ತು.”

“ಹೇಳಬಹುದಿತ್ತು,” ಎಂದು ಮೃಣಾಲ ಸ್ಕೂಟಿಯ ಕೀಲಿ ತಿರುವಿದಳು.